ಎರಡನೆಯ ಬ್ರೇಕು

ಕೀಲಿ ಕೊಡಬಾರದು ಎಂದು ಅವಳು ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಬಂದವಳಲ್ಲ. ನಿಜ ಹೇಳಬೇಕೆಂದರೆ ಕೀಲಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಹೋಟೆಲಿನ ಗೇಟು ದಾಟಿ, ಹೂಕುಂಡಗಳ ನಡುವಿನ ದುಂಡು ದಾರಿಯಲ್ಲಿ ಅರ್ಧ ಸುತ್ತು ಬಂದು, ಗಾಜಿನ ಬಾಗಿಲ ಎದುರು ಕಾರು ನಿಲ್ಲಿಸಿದಾಗ ಕಿಟಕಿಯ ಹತ್ತಿರ ಒಂದು ಟೋಪಿ ಬಗ್ಗಿತು, ಟೋಪಿಯ ಕೆಳಗಿನ ಮುಖ ನಕ್ಕಿತು, ಒಂದು ಅಂಗೈ ಒಳಗೆ ಚಾಚಿತು. "ಕೀಲಿ ಬಿಟ್ಟು ಇಳೀರಿ ಮೇಡಂ, ಮಿಕ್ಕಿದ್ದು ನಾವು ನೋಡ್ಕೋತೀವಿ." ಆ ಮಿಕ್ಕಿದ್ದು ಅನ್ನುವ ಮಾತು ಅವಳಿಗೆ ಎಲ್ಲೋ ಚುಚ್ಚಿತು. ಏನು ಮಿಕ್ಕಿದ್ದು? ನಿನ್ನೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಗಳ ಮದುವೆಯ ಸಹಿ ಆಯಿತು, ಇವತ್ತು ಎರಡೂ ಕಡೆಯವರಿಗೆ ಮಧ್ಯಾಹ್ನದ ಊಟ, ಭಾನುವಾರ ಮಗಳು ಗಂಡನ ಜೊತೆ ಬೇರೆ ಊರಿಗೆ ಹೊರಡುತ್ತಾಳೆ. ಮಿಕ್ಕಿರುವುದು ಈ ಕಾರೊಂದೇ, ಅದನ್ನೂ ಇವನು ನೋಡಿಕೊಳ್ಳುತ್ತಾನಂತೆ. "ಬೇಡ" ಎಂದಳು. ಆತ, ಬಂದವರ ಗಾಡಿ ಒಯ್ದು ನಿಲ್ಲಿಸುವ ವ್ಯಾಲೆಟ್‌ನವನು, ಕೇಳಿಸಿಲ್ಲ ಎಂಬಂತೆ ಅಂಗೈಯನ್ನು ಹಾಗೇ ಹಿಡಿದಿದ್ದ. ಹತ್ತಿರ ಹತ್ತಿರ ಅವಳದೇ ವಯಸ್ಸು, ಐವತ್ತರ ಮೇಲೆ ಒಂದೆರಡು. ಟೋಪಿ ಒಂದು ಅಳತೆ ಚಿಕ್ಕದಿತ್ತು, ಕಿವಿಯ ಮೇಲೆ ನರೆಗೂದಲು ಹೊರಗೆ ಬಂದಿತ್ತು.

"ಜಾಗ ಎಲ್ಲಿದೆ ಹೇಳಿ, ನಾನೇ ಹಾಕ್ತೀನಿ."

"ಕೆಳಗಡೆ ಬೇಸ್‌ಮೆಂಟಲ್ಲಿ ಮೇಡಂ. ಅಲ್ಲಿಗೆ ಗೆಸ್ಟ್‌ಗಳನ್ನ ಬಿಡಲ್ಲ."

"ಯಾಕೆ, ಅಲ್ಲೇನು ಬಚ್ಚಿಟ್ಟಿದ್ದೀರಿ?"

"ಬಚ್ಚಿಡೋಕೆ ಏನಿದೆ ಮೇಡಂ, ಬರೀ ಕಂಬ. ಬಹಳ ಇಕ್ಕಟ್ಟು."

"ಇಕ್ಕಟ್ಟಲ್ಲಿ ಗಾಡಿ ನಿಲ್ಲಿಸೋದು ಹೇಗೆ ಅಂತ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಡ್ತಿರೋಳು ನಾನು. ಒಂದ್ಸಲ ತಲೆ ಎತ್ತಿ ಮೇಲೆ ನೋಡಿ."

ಆತ ನೋಡಿದ. ಕಾರಿನ ನೆತ್ತಿಯ ಮೇಲೆ ಹಳದಿ ಬೋರ್ಡು: ಕಲಿಯುವವರ ವಾಹನ, ಅಂತರ ಕಾಯ್ದುಕೊಳ್ಳಿ. ಓದಿದವನೇ ಅರಿವಿಲ್ಲದೆ ಅರ್ಧ ಹೆಜ್ಜೆ ಹಿಂದೆ ಸರಿದ. ಅವಳಿಗೆ ಆ ಸಿಟ್ಟಿನಲ್ಲೂ ನಗು ಬರುವಂತಾಯಿತು. ಬೆಳಿಗ್ಗೆ ಎದ್ದು ಬೋರ್ಡಿಗೆ ಸೋಪಿನ ನೀರು ಹಾಕಿ ಉಜ್ಜಿದ್ದಳು. ಬಿಚ್ಚಿಟ್ಟು ಬರಬಹುದಿತ್ತು, ನಾಲ್ಕು ತಿರುಪು ಅಷ್ಟೆ, ಬಿಚ್ಚಲಿಲ್ಲ. ಹಿಂದೆ ಒಂದು ದೊಡ್ಡ ಕರಿಯ ಕಾರು ಬಂದು ನಿಂತು ಸಣ್ಣಗೆ ಹಾರ್ನ್ ಮಾಡಿತು, ದೊಡ್ಡವರ ಮನೆಯವರು ಕೆಮ್ಮಿದ ಹಾಗೆ. ಮೊಬೈಲು ಅದುರಿತು. ಅಕ್ಕ. ಗಾಜಿನ ಬಾಗಿಲ ಆಚೆ, ಬೀಗರ ಪಕ್ಕದಲ್ಲೇ ನಿಂತು, ಬೀಗರಿಗೆ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಳು. "ಏನೇ ನಿಂದು? ಎಲ್ಲರೂ ನೋಡ್ತಿದ್ದಾರೆ. ಕೀಲಿ ಅವನ ಕೈಗೆ ಬಿಸಾಕಿ ಬಾರೇ. ಅವರೇ ಹಿಂದೆ ಎಲ್ಲೋ ತಗೊಂಡು ಹೋಗಿ ನಿಲ್ಲಿಸ್ತಾರೆ. ಆ ಬೋರ್ಡಾದರೂ ಬಿಚ್ಚಿ ಬರಬಾರದಿತ್ತಾ?" ಹಿಂದೆ ಎಲ್ಲೋ. ಸರಿ, ಗೊತ್ತಾಯಿತು. ಕಾರು ಜೋಪಾನವಾಗಿರಲಿ ಅಂತಲ್ಲ, ಕಣ್ಣಿಗೆ ಬೀಳದಿರಲಿ ಅಂತ. ಈ ಕಾರು ತಾನೇ ಮಗಳ ಫೀಸು ಕಟ್ಟಿದ್ದು, ಈ ಕಾರು ತಾನೇ ಅಕ್ಕನ ಗಂಡನಿಗೆ ಎದೆ ನೋವು ಬಂದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದು. ಅವತ್ತು ಭಾವ ಹಿಂದಿನ ಸೀಟಿನಲ್ಲಿ ಮಲಗಿ, ಬೋರ್ಡು ನೋಡಿ ಎಲ್ಲರೂ ದಾರಿ ಬಿಡ್ತಾರೆ ಕಣಮ್ಮ, ಒಳ್ಳೇದೇ ಆಯ್ತು ಅಂದಿದ್ದರು. "ಬರ್ತೀನಿ ಇರು" ಎಂದು ಫೋನು ಇಟ್ಟಳು.

ನಂಬಿಕೆ ಇಲ್ಲ ಅನ್ನುತ್ತಾರೆ. ನಂಬಿಕೆಯ ಮಾತು ಅವಳ ಹತ್ತಿರ ಆಡಲೇಬಾರದು. ಬೆಳಿಗ್ಗೆ ಆರೂವರೆಯಿಂದ ಸಂಜೆಯವರೆಗೆ ಸ್ಟೀರಿಂಗನ್ನು ಕಂಡವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂರುವವಳು ಅವಳು. ಕೈ ನಡುಗುವ ಬ್ಯಾಂಕ್ ಮ್ಯಾನೇಜರು, ಎಡ ಬಲ ತಿಳಿಯದ ಲೆಕ್ಚರರು, ಲಾರಿ ಎದುರು ಬಂದರೆ ಕಣ್ಣು ಮುಚ್ಚಿಕೊಳ್ಳುವ ದಂತವೈದ್ಯೆ, ಇವರೆಲ್ಲರ ಕೈಗೆ ಜೀವ ಕೊಟ್ಟು, "ನಿಧಾನ, ನಿಧಾನ, ಕನ್ನಡಿ ನೋಡಿ" ಎನ್ನುತ್ತಾ ಕೂತವಳು. ಆದರೆ ಹಾಗೆ ಕೂತಾಗ ಅವಳ ಬಲಗಾಲು ಎರಡನೆಯ ಬ್ರೇಕಿನ ಮೇಲಿರುತ್ತದೆ. ಕಲಿಯುವವರ ಕಾಲ ಹತ್ತಿರ ಒಂದು ಪೆಡಲು, ಅವಳ ಕಾಲ ಹತ್ತಿರ ಇನ್ನೊಂದು. ಎರಡಕ್ಕೂ ಕೆಳಗೆ ಒಂದೇ ಕಬ್ಬಿಣದ ಸಲಾಕೆ. ಅತ್ತ ಒತ್ತಿದರೆ ಇತ್ತಲೂ ಪೆಡಲು ಕುಸಿಯುತ್ತದೆ, ಚಪ್ಪಲಿಯ ಕೆಳಗೆ ನೆಲ ಇಳಿದ ಹಾಗೆ. ಅದಕ್ಕೆ ಸದ್ದಿಲ್ಲ. ಅವಳಾಗಿ ಭಾರ ಬಿಟ್ಟು ಒತ್ತಿದರೆ ಮಾತ್ರ ಪೆಡಲಿನ ರಬ್ಬರಿನೊಳಗಿರುವ ಗುಂಡಿ ಅದುಮಿಕೊಂಡು ಬಜರ್ ಕಿರುಚುತ್ತದೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಹಿಂದೆ ಕೂತ ಇನ್‌ಸ್ಪೆಕ್ಟರಿಗೆ ಟೀಚರು ಮೋಸ ಮಾಡಬಾರದಲ್ಲ, ಅದಕ್ಕೆ. ಬಜರ್ ಕೂಗಿತೋ, ಕಲಿತವರು ಫೇಲು. ಕಲಿಯಲು ಬಂದವರು ಅವಳ ಬೆನ್ನ ಹಿಂದೆ ಅವಳನ್ನು ಬ್ರೇಕಮ್ಮ ಅನ್ನುತ್ತಿದ್ದರು, ಅವಳಿಗೆ ಗೊತ್ತು. ಗಂಡ ಬದುಕಿದ್ದಾಗ, ನಿದ್ದೆಯಲ್ಲೂ ನನ್ನ ಮೊಣಕಾಲಿಗೆ ಬ್ರೇಕ್ ಹಾಕ್ತೀಯಲ್ಲೇ ಮಹರಾಯ್ತಿ, ಎಂದು ಹಾಸಿಗೆಯ ತುದಿಗೆ ಸರಿಯುತ್ತಿದ್ದ. ಆ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಇನ್ನೊಬ್ಬರ ಕೈಯಲ್ಲಿ ಈ ಕಾರು ಇವತ್ತಿನವರೆಗೆ ಒಂದು ಮಾರು ದೂರ ಹೋಗಿದ್ದಿಲ್ಲ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡ್ತೀನಿ ಅಂದಾಗಲೂ ಅವಳು ಪಕ್ಕದಲ್ಲಿ ಹತ್ತಿ ಕೂತಿದ್ದಳು. ಅದು ಅಪನಂಬಿಕೆ ಅನ್ನುವವರು ಅನ್ನಲಿ. ಎರಡು ಸಾವಿರ ಜನ ಅವಳ ಹತ್ತಿರ ಕಲಿತು ಹೋದರು, ಒಬ್ಬರ ಮೊಣಕೈಯೂ ತರಚಲಿಲ್ಲ.

ಒಬ್ಬರನ್ನು ಬಿಟ್ಟು. ಮೊಣಕೈ ತರಚಿತೆಂದಲ್ಲ. ಹೋದ ವಾರ ಬೀಗರ ಮನೆಯಲ್ಲಿ ಟೀ ಕುಡಿಯುತ್ತಾ ಕೂತಾಗ ಅಳಿಯ, ಒಳ್ಳೆಯ ಹುಡುಗ, ಮಾತಿಗೆ ಮುಂಚೆ ನಗುವವನು, "ಅತ್ತೆ, ಅಲ್ಲಿ ನಮ್ಮನೆ ಹತ್ತಿರ ಬಸ್ಸೇ ಇಲ್ಲ. ಇವಳು ಕಾರು ಕಲೀಲೇಬೇಕು. ನಿಮ್ಮಂಥವರ ಮಗಳಾಗಿ ಓಡಿಸಲ್ಲ ಅಂದರೆ ಯಾರಾದರೂ ನಂಬ್ತಾರಾ?" ಎಂದಿದ್ದ. ಎಲ್ಲರೂ ನಕ್ಕರು. ಮಗಳೂ ನಕ್ಕಳು. ನಗುತ್ತಲೇ, "ನನ್ನ ಕೈಲಾಗಲ್ಲಪ್ಪ. ರಸ್ತೆ ಮೇಲೆ ನನಗೆ ಏನೂ ಕಾಣಲ್ಲ. ಬೇಕಿದ್ರೆ ಅಮ್ಮನ್ನ ಕೇಳಿ" ಎಂದಳು. ಬೀಗಿತ್ತಿ, ಕಣ್ಣಿಗೆ ಕನ್ನಡಕ ಮಾಡಿಸಿದರೆ ಆಯ್ತು ಅಂದರು. ಕಣ್ಣು ಚೆನ್ನಾಗಿದೆ ಅತ್ತೆ, ಕಾಣಬೇಕಾದಾಗ ಕಾಣಲ್ಲ ಅಷ್ಟೆ, ಅಂದಳು ಮಗಳು. ಆಗ ಎಲ್ಲರೂ ಅವಳ ಕಡೆ ತಿರುಗಿದರು, ಟೀಚರು ಏನಂತಾರೆ ಎಂದು. ಅವಳು ಏನನ್ನಬೇಕಿತ್ತು? ಟೀಯಲ್ಲಿ ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು, ಅವಳು ಚಮಚ ತಿರುಗಿಸುತ್ತಲೇ ಇದ್ದಳು. ಬಾಯಿ ತೆರೆದಿದ್ದರೆ ಒಂದೇ ಒಂದು ವಾಕ್ಯ. ತೆರೆಯಲಿಲ್ಲ. ಮನೆಗೆ ಬಂದು, ಬೀಗರ ಮುಂದೆ ಹೇಳುವ ಮಾತಲ್ಲ ಅದು, ಇಬ್ಬರೇ ಇದ್ದಾಗ ಹೇಳಬೇಕು ಎಂದು ಸಮಾಧಾನ ಮಾಡಿಕೊಂಡಳು. ಇಬ್ಬರೇ ಆ ಮನೆಯಲ್ಲಿ ಒಂಬತ್ತು ವರ್ಷ ಇದ್ದರು.

ಮಗಳಿಗೆ ಆಗ ಹತ್ತೊಂಬತ್ತು, ಲೈಸೆನ್ಸಿನ ಪರೀಕ್ಷೆಯ ದಿನ. ಇನ್‌ಸ್ಪೆಕ್ಟರ್ ಕಚೇರಿಯ ಹಿಂದಿನ ಬೀದಿ, ಒಂದು ಕಡೆ ಉದ್ದಕ್ಕೂ ಗೋಡೆ, ಗೋಡೆಯಲ್ಲೊಂದು ಹಸಿರು ಗೇಟು. ಮಗಳು ಚೆನ್ನಾಗಿ ಓಡಿಸುತ್ತಿದ್ದಳು. ಚೆನ್ನಾಗಿ ಏನು, ಅವಳು ಕಲಿಸಿದವರಲ್ಲೆಲ್ಲ ಚೆನ್ನಾಗಿ. ಆದರೆ ಹೊಗಳಿದರೆ ತಲೆಗೇರುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹಸಿರು ಗೇಟಿನಿಂದ ಒಬ್ಬ ಮುದುಕ ಸೈಕಲ್ಲನ್ನು ಎಳೆದುಕೊಂಡು, ರಸ್ತೆಗೆ ಬೆನ್ನು ಮಾಡಿ, ಹಿಂದುಹಿಂದಕ್ಕೆ ಬಂದ. ಮೊದಲು ಕಂಡದ್ದು ಸೈಕಲ್ಲಿನ ಹಿಂದಿನ ಚಕ್ರ, ಆಮೇಲೆ ಬೆನ್ನು. ಅವಳ ಪಾದದ ಕೆಳಗೆ ಪೆಡಲು ಕುಸಿಯಿತು. ಕುಸಿದ ಪೆಡಲಿನ ಹಿಂದೆಯೇ ಅವಳ ಪಾದವೂ ಹೋಯಿತು, ಬೀಳುವ ಮಗುವಿನ ಹಿಂದೆ ಕೈ ಹೋಗುವ ಹಾಗೆ. ಬಜರ್ ಕಿರುಚಿತು. ಮುದುಕನಿಂದ ಒಂದು ಮೊಳ ದೂರದಲ್ಲಿ ಕಾರು ನಿಂತಿತು, ಅವನು ತಿರುಗಿಯೂ ನೋಡದೆ ಸೈಕಲ್ ಹತ್ತಿ ಹೊರಟುಹೋದ. ಇನ್‌ಸ್ಪೆಕ್ಟರು ಹಿಂದಿನ ಸೀಟಿನಿಂದ ಮುಂದೆ ಬಗ್ಗಿ, "ತಾಯಿ ಪಕ್ಕದಲ್ಲಿ ಇಲ್ಲದಿದ್ದರೆ ಇವತ್ತು ಆ ಮುದುಕನ ಕಥೆ ಮುಗೀತಿತ್ತು ನೋಡಮ್ಮ. ನಿನಗೆ ಕಾಣಲೇ ಇಲ್ವಾ?" ಎಂದರು. ಅವಳ ಕಡೆ ತಿರುಗಿ, ಏನು ಕಾಲು ಮೇಡಂ ನಿಮ್ಮದು, ಎಂದರು. ಆ ಮಾತು ಅವಳಿಗೆ ಹಿತವಾಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಹಿತವಾಯಿತು. ಮಗಳು ಬಿಳಿಚಿಕೊಂಡ ಮುಖದಲ್ಲಿ, "ಅಮ್ಮ, ನಾನೂ ಒತ್ತಿದ್ನಲ್ವಾ? ಒತ್ತಿದೆ ಅನ್ಸುತ್ತೆ" ಎಂದಳು. ಇನ್‌ಸ್ಪೆಕ್ಟರ ಪೆನ್ನು ಕಾಗದದ ಮೇಲೆ ನಿಂತಿತ್ತು. ಬೇಡದ ಕಡೆ ಕಾಲು ಹಾಕಿ ಸ್ವಂತ ಮಗಳನ್ನೇ ಫೇಲು ಮಾಡಿಸಿದ ಟೀಚರು ಅನ್ನಿಸಿಕೊಳ್ಳುವುದೇ? ಊರಿನ ಡ್ರೈವಿಂಗ್ ಸ್ಕೂಲಿನವರೆಲ್ಲ ಆ ಕಚೇರಿಯ ಮುಂದೆಯೇ ನಿಂತಿದ್ದರು. "ಬಜರ್ ಸುಳ್ಳು ಹೇಳಲ್ಲ" ಎಂದಳು. ನಾಲ್ಕು ದಿನ ಬಿಟ್ಟು ಹೇಳೋಣ ಎಂದುಕೊಂಡಳು. ಮುಂದಿನ ತಿಂಗಳ ಪರೀಕ್ಷೆಗೆ ಮೊದಲು ಹೇಳೋಣ ಎಂದುಕೊಂಡಳು. ಮುಂದಿನ ತಿಂಗಳು ಮಗಳು ಪರೀಕ್ಷೆಗೆ ಬರುವುದಿಲ್ಲ ಎಂದಳು, ಬಸ್ಸಿನ ಪಾಸು ಮಾಡಿಸಿಕೊಂಡಳು. ಅವಳಿಗೆ ಒಳಗೊಳಗೇ, ಹೋಗಲಿ, ಒಳ್ಳೆಯದೇ, ಈ ಊರಿನ ಲಾರಿಗಳ ನಡುವೆ ಮಗು ಹೋಗುವುದು ತಪ್ಪಿತು, ಎಂದೂ ಅನ್ನಿಸಿತು. ತಾಯಿಯಾದವಳಿಗೆ ಹಾಗೆ ಅನ್ನಿಸುವುದು ತಪ್ಪೇ? ತಪ್ಪಾದರೆ ತಪ್ಪು. ಅಂದಿನಿಂದ ಬಜರ್ ಕಿರುಚಿದಾಗಲೆಲ್ಲ ಪಕ್ಕದಲ್ಲಿ ಕೂತವರಿಗಿಂತ ಹೆಚ್ಚು ಅವಳೇ ಬೆಚ್ಚಿಬೀಳುತ್ತಿದ್ದಳು.

ಈಗ ಟೈ ಕಟ್ಟಿದ ಮ್ಯಾನೇಜರು ಬಂದಿದ್ದ. ಕೈಯಲ್ಲಿ ವಾಕಿಟಾಕಿ, ಮುಖದಲ್ಲಿ ಬಲವಂತದ ವಿನಯ. ಹಿಂದೆ ಕರಿಯ ಕಾರಿನ ಹಿಂದೆ ಇನ್ನೂ ಮೂರು ಸೇರಿದ್ದವು. "ಮೇಡಂ, ನಮ್ಮಲ್ಲಿ ದಿನಕ್ಕೆ ನೂರಾರು ಗಾಡಿ ಬರ್ತವೆ. ಇದಕ್ಕಿಂತ... ಅಂದ್ರೆ, ಎಂಥೆಂಥಾ ಗಾಡಿಗಳು. ಯಾರೂ ಹೀಗೆ ಕೇಳಿಲ್ಲ." ಇದಕ್ಕಿಂತ ಅಂದು ನುಂಗಿಕೊಂಡದ್ದು ಅವಳಿಗೆ ಕೇಳಿಸಿತು. ಕಿವಿ ಬಿಸಿಯಾಯಿತು. ಗಾಜಿನ ಆಚೆ ಬೀಗರು ಗಡಿಯಾರ ನೋಡಿಕೊಂಡರು, ಅಕ್ಕ ಹಣೆಗೆ ಕೈ ಹಚ್ಚಿದಳು. ಇಡೀ ಹೋಟೆಲು ತನ್ನೊಬ್ಬಳ ಕಡೆ ನೋಡುತ್ತಿದೆ ಅನ್ನಿಸಿದರೂ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ನೋಡಲಿ. ಇಪ್ಪತ್ತು ವರ್ಷ ನಡುರಸ್ತೆಯಲ್ಲಿ ಇಂಜಿನ್ನು ನಿಂತುಹೋದ ಕಾರಿನಲ್ಲಿ ಕೂತು ಹಾರ್ನು, ಬೈಗುಳ ಎಲ್ಲ ಕೇಳಿಸಿಕೊಂಡವಳು, ಇವರ ನಾಲ್ಕು ಹಾರ್ನಿಗೆ ಹೆದರುತ್ತಾಳೆಯೇ? ಆದರೂ ಇಲ್ಲೇ ಬೇರು ಬಿಟ್ಟು ಕೂರಲು ಆಗುವುದಿಲ್ಲವಲ್ಲ. ಬೆಲ್ಟು ಬಿಚ್ಚಿ, ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಕಾರಿನ ಮುಂದಿನಿಂದ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಬಾಗಿಲು ಎಳೆದುಕೊಂಡಳು. "ಅವರು ಓಡಿಸಲಿ. ನಾನು ಪಕ್ಕದಲ್ಲಿರ್ತೀನಿ. ನಿಮ್ಮ ರೂಲ್ಸೂ ಉಳೀತು, ನನ್ನದೂ ಉಳೀತು."

"ಮೇಡಂ, ಗೆಸ್ಟ್‌ಗಳು ಬೇಸ್‌ಮೆಂಟಿಗೆ..."

"ನಾನು ಗೆಸ್ಟ್ ಅಲ್ಲಪ್ಪ. ಹುಡುಗಿ ತಾಯಿ."

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಮಗಳು ಬಂದಳು. ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದಿದ್ದಳು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಹೆಜ್ಜೆ ಎಣಿಸಿದಂತೆ ಇಡುತ್ತಿದ್ದಳು. ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ತಾಯಿಯನ್ನು ಇಪ್ಪತ್ತೆಂಟು ವರ್ಷ ಕಂಡವಳ ಸುಸ್ತು ಮಾತ್ರ ಇತ್ತು. ವ್ಯಾಲೆಟ್‌ನವನನ್ನು ನೋಡಿದಳು, ಸ್ಟೀರಿಂಗಿನ ಮುಂದಿನ ಖಾಲಿ ಸೀಟನ್ನು ನೋಡಿದಳು, ಪಕ್ಕದಲ್ಲಿ ಕೂತ ತಾಯಿಯನ್ನು ನೋಡಿದಳು. "ಓಹೋ, ಕ್ಲಾಸು ಶುರುವಾಗಿದೆಯಾ" ಎಂದು ಹಿಂದಿನ ಬಾಗಿಲು ತೆಗೆದು ಹತ್ತಿ ಕೂತಳು. "ನಡೀರಿ ಅಂಕಲ್. ನಾನೂ ಬರ್ತೀನಿ. ಬಿಟ್ಟರೆ ಇವರು ಕೆಳಗೆ ಹೋಗಿ ಎಲ್ಲಾ ಗಾಡಿಗಳ ಟೈರು ಒದ್ದು ನೋಡ್ತಾ ನಿಂತುಬಿಡ್ತಾರೆ. ಊಟಕ್ಕೆ ಕರೆದುಕೊಂಡು ಬರೋಕೆ ಯಾರಾದರೂ ಬೇಕಲ್ಲ." ಮ್ಯಾನೇಜರು ಬಾಯಿ ತೆರೆದ. ಮಗಳು ಅವನ ಕಡೆ ನಕ್ಕು, "ಇವತ್ತಿನ ಊಟ ನಮ್ಮದೇ ತಾನೇ ಸಾರ್?" ಎಂದಳು. ಅಷ್ಟೊತ್ತು ಕಲ್ಲಿನ ಮೇಲೆ ಕೆತ್ತಿದಂತಿದ್ದ ರೂಲ್ಸು ಕರಗಿತು. ಅವನು ವಾಕಿಟಾಕಿಯಲ್ಲಿ ಯಾರಿಗೋ ಏನೋ ಹೇಳುತ್ತಾ ಪಕ್ಕಕ್ಕೆ ಸರಿದ.

ವ್ಯಾಲೆಟ್‌ನವನು ಟೋಪಿ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂತ. ಸೀಟು ಹಿಂದಕ್ಕೆ ತಳ್ಳುತ್ತಾನೆ, ಕನ್ನಡಿ ತಿರುಗಿಸುತ್ತಾನೆ, ಈಗ ನೋಡು, ಎಂದು ಅವಳು ಕಾದಳು. ಅವನು ಸೀಟು ಮುಟ್ಟಲಿಲ್ಲ. ಮೊಣಕಾಲು ಸ್ಟೀರಿಂಗಿಗೆ ತಾಗುತ್ತಿದ್ದರೂ ಹಾಗೇ ಹೊಂದಿಸಿಕೊಂಡ. ಕನ್ನಡಿಯನ್ನು ಮಾತ್ರ, "ಇದೊಂದು ತಿರುಗಿಸಲೇಬೇಕು ಮೇಡಂ, ಕ್ಷಮಿಸಿ" ಎಂದು ತಿರುಗಿಸಿದ. ಕ್ಲಚ್ಚು ಬಿಟ್ಟದ್ದು ಅವಳಿಗೆ ತಿಳಿಯಲೇ ಇಲ್ಲ, ಅಷ್ಟು ನಯವಾಗಿ ಬಿಟ್ಟ. ಅದು ಇನ್ನಷ್ಟು ಉರಿಸಿತು. ತಪ್ಪು ಹುಡುಕಲು ಕೂತವಳಿಗೆ ತಪ್ಪು ಸಿಗದಿದ್ದರೆ ಆಗುವ ಉರಿ. "ಮೊದಲು ಏನು ಓಡಿಸ್ತಿದ್ರಿ?" ಎಂದು ಕೇಳಿದಳು, ವಿಚಾರಣೆಯ ದನಿಯಲ್ಲಿ. "ಗಾಜಿನ ಲಾರಿ ಮೇಡಂ. ಕಿಟಕಿ ಗಾಜು, ಅಂಗಡಿ ಮುಂದೆ ಹಾಕ್ತಾರಲ್ಲ ದೊಡ್ಡ ದೊಡ್ಡ ಗಾಜು. ಹನ್ನೊಂದು ವರ್ಷ. ಒಂದು ಸೀಳು ಬಿಟ್ಟಿಲ್ಲ." ಮುಂದಿನದನ್ನು ಆತ ಕೇಳದೆಯೇ ಸೇರಿಸಿದ: "ಆವಾಗ ಯಾರೂ ಪಕ್ಕದಲ್ಲಿ ಕೂರ್ತಿರಲಿಲ್ಲ." ಹಿಂದೆ ಮಗಳು ಫಕ್ಕನೆ ನಕ್ಕಳು. ಅವಳು ಮುಖ ಗಂಟು ಹಾಕಿಕೊಂಡು ಮುಂದೆ ನೋಡಿದಳು. ಇಳಿಜಾರು ಶುರುವಾಯಿತು. ಹಗಲಿನ ಬೆಳಕು ಹಿಂದೆ ಉಳಿದು ಟ್ಯೂಬ್‌ಲೈಟಿನ ಬೆಳಕು ಬಂತು, ಗೋಡೆಗಳು ಎರಡೂ ಕಡೆಯಿಂದ ಹತ್ತಿರ ಸರಿದವು, ಗೋಡೆಯ ಮೇಲೆ ಯಾರ್ಯಾರದೋ ಕಾರುಗಳು ಬಿಟ್ಟುಹೋದ ಬಣ್ಣದ ಗೀರುಗಳು. ಅವಳ ಬಲಗಾಲು ತನ್ನಷ್ಟಕ್ಕೆ ಎರಡನೆಯ ಬ್ರೇಕಿನ ಮೇಲೆ ಹೋಗಿ ಕೂತಿತ್ತು. ಹಿಂದಿನ ಸೀಟಿನಲ್ಲಿ ಮಗಳು. ಇನ್‌ಸ್ಪೆಕ್ಟರು ಕೂತಿದ್ದು ಅಲ್ಲೇ, ಸರಿಯಾಗಿ ಅದೇ ಜಾಗ. ಕನ್ನಡಿ ವ್ಯಾಲೆಟ್‌ನವನ ಕಡೆ ತಿರುಗಿತ್ತು, ಮಗಳ ಮುಖ ಕಾಣುತ್ತಿರಲಿಲ್ಲ, ಬಳೆಗಳ ಸದ್ದು ಮಾತ್ರ ಕೇಳುತ್ತಿತ್ತು. ಭಾನುವಾರಕ್ಕೆ ಇನ್ನು ಮೂರು ದಿನ. ಈಗಲೇ ಹೇಳಿಬಿಡಲೇ? ಈ ಟೋಪಿಯವನ ಎದುರಿಗೆ? ಮದುವೆಯ ಸೀರೆ ಉಟ್ಟವಳಿಗೆ? ಊಟವಾಗಲಿ, ಆಮೇಲೆ ಇಬ್ಬರೇ ಇದ್ದಾಗ, ಎಂದುಕೊಂಡಳು. ಎಂದುಕೊಂಡ ಕೂಡಲೇ ಇದೇ ಮಾತನ್ನು ಎಷ್ಟು ಸಲ ಎಂದುಕೊಂಡಿದ್ದೇನೆ ಎಂದು ನೆನಪಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು.

ಇಳಿಜಾರು ಮುಗಿದು ಬಲಕ್ಕೆ ತಿರುಗುವಲ್ಲಿ ಒಂದು ಕಬ್ಬಿಣದ ಬಾಗಿಲು ಇತ್ತು, ಬಟ್ಟೆ ಒಗೆಯುವ ಕಡೆಯದು. ಅದು ಧಡಕ್ಕನೆ ತೆರೆದು, ಮೇಜುಬಟ್ಟೆಗಳ ಗುಡ್ಡೆ ಹೊತ್ತ ತಳ್ಳುಗಾಡಿಯೊಂದು ಹೊರಗೆ ಬಂತು. ತಳ್ಳುವವರು ಗುಡ್ಡೆಯ ಹಿಂದೆ ಕಾಣುತ್ತಲೇ ಇರಲಿಲ್ಲ. ಅವಳ ಪಾದದ ಕೆಳಗೆ ಪೆಡಲು ಕುಸಿಯಿತು. ಕುಸಿಯುತ್ತಿದೆ, ಇವನು ನೋಡಿದ್ದಾನೆ, ಒತ್ತಿದ್ದಾನೆ, ಸಾಕು ಬಿಡು, ಎಂದು ಅವಳಿಗೆ ಅಕ್ಷರ ಅಕ್ಷರವಾಗಿ ತಿಳಿಯಿತು. ತಿಳಿದ ಮೇಲೂ ಕಾಲು ಹಿಂದೆಯೇ ಹೋಯಿತು.

ಬಜರ್ ಕಿರುಚಿತು. ತಗ್ಗು ಛಾವಣಿಯ ಕೆಳಗೆ ಆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಇನ್ನೂ ಜೋರಾಗಿ ಕೇಳಿಸಿತು. ಕಾರು ನಿಂತಿತ್ತು. ಗುಡ್ಡೆಯ ಪಕ್ಕದಿಂದ ನೀಲಿ ಅಂಗಿಯ ಹೆಂಗಸೊಬ್ಬಳು ತಲೆ ಹೊರಗೆ ಹಾಕಿ, ಕಾರು ನೋಡಿ, "ಅಯ್ಯಪ್ಪಾ" ಎಂದು ಎದೆ ಮುಟ್ಟಿಕೊಂಡು, ಬೋರ್ಡು ಓದಿ ನಕ್ಕು, ಗಾಡಿಯನ್ನು ಪಕ್ಕಕ್ಕೆ ಎಳೆದುಕೊಂಡು ಹೋದಳು. ವ್ಯಾಲೆಟ್‌ನವನು ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. ಅವನ ದವಡೆ ಬಿಗಿಯಿತು.

"ನಾನು ಆಗಲೇ ಒತ್ತಿದ್ದೆ ಮೇಡಂ. ನೀವು ಒತ್ತೋಕೆ ಮುಂಚೆ."

ಬಜರ್ ಸುಳ್ಳು ಹೇಳಲ್ಲ. ವಾಕ್ಯ ನಾಲಿಗೆಯ ತುದಿಗೆ ಸಿದ್ಧವಾಗಿ ಬಂದು ನಿಂತಿತು, ಒಂಬತ್ತು ವರ್ಷ ಹಳೆಯದು, ಒಂದಿಷ್ಟೂ ಸವೆದಿರಲಿಲ್ಲ. ಅಂದರೆ ಮುಗಿಯಿತು. ಇವನು ಸುಮ್ಮನಾಗುತ್ತಾನೆ, ಮಗಳು ಅಭ್ಯಾಸವಾದವಳಂತೆ ತಲೆಯಾಡಿಸುತ್ತಾಳೆ, ಮೇಲೆ ಹೋಗಿ ಊಟಕ್ಕೆ ಕೂರುವುದು.

"ಗೊತ್ತು" ಎಂದಳು. "ನೀವು ಒತ್ತಿದ್ದು ನನ್ನ ಕಾಲಿಗೆ ಗೊತ್ತಾಯ್ತು."

ಹಿಂದೆ ಬಳೆಗಳ ಸದ್ದು ನಿಂತಿತು. "ಕಾಲಿಗೆ ಹೇಗಮ್ಮ ಗೊತ್ತಾಗುತ್ತೆ?"

"ಎರಡು ಪೆಡಲಿಗೂ ಕೆಳಗೆ ಒಂದೇ ಸಲಾಕೆ. ಅತ್ತ ಒತ್ತಿದರೆ ಇತ್ತ ಕಾಲಡಿಯಲ್ಲಿ ಇಳಿಯುತ್ತೆ."

"ಅಂದ್ರೆ ಯಾರು ಮೊದಲು ಒತ್ತಿದ್ದು ಅಂತ ನಿನಗೆ ಯಾವಾಗಲೂ ಗೊತ್ತಾಗುತ್ತೆ."

"ಯಾವಾಗಲೂ."

"ಅವತ್ತು?"

ಅವಳು ತಿರುಗಿ ನೋಡಲಿಲ್ಲ. ತಿರುಗಿದರೆ ಅಳು ಬರುತ್ತದೆ, ಅತ್ತರೆ ಮಗಳು ಸಮಾಧಾನ ಮಾಡಲು ಬರುತ್ತಾಳೆ, ಅದು ಇನ್ನೊಂದು ಮೋಸ. ಎದುರಿನ ಕಂಬದ ಮೇಲೆ ಬರೆದ ಸಂಖ್ಯೆಯನ್ನು ನೋಡುತ್ತಾ ಹೇಳಿದಳು. "ಅವತ್ತೂ ಗೊತ್ತಾಯ್ತು. ನೀನೇ ಮೊದಲು ಒತ್ತಿದ್ದು. ಮುದುಕ ಇನ್ನೂ ಗೇಟಿನ ಒಳಗಿದ್ದ, ಸೈಕಲ್ಲಿನ ಹಿಂದಿನ ಚಕ್ರ ಕಂಡ ಕೂಡಲೇ ಒತ್ತಿದೆ. ನಾನು ನಿನ್ನ ಹಿಂದೆ ಬಂದೆ, ಅಷ್ಟೆ."

ವ್ಯಾಲೆಟ್‌ನವನು ತನ್ನ ಟೋಪಿಯನ್ನೇ ದಿಟ್ಟಿಸುತ್ತಿದ್ದ. ಎಲ್ಲೋ ಮೇಲೆ ಒಂದು ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಬಜರ್ ಸುಳ್ಳು ಹೇಳಲ್ಲ ಅಂದಿದ್ದೆ ನೀನು."

"ಬಜರ್ ಹೇಳಲಿಲ್ಲ. ಹೇಳಿದ್ದು ನಾನು."

"ಒಂಬತ್ತು ವರ್ಷ, ಅಮ್ಮ." ಮಗಳ ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ಆ ಮುದುಕನ ಬೆನ್ನು ನನಗೆ ಈಗಲೂ ಕಾಣುತ್ತೆ ಗೊತ್ತಾ? ಬಸ್ಸಿನಲ್ಲಿ ಕೂತಾಗ, ಯಾರಾದರೂ ಸೈಕಲ್ ತಳ್ಳಿಕೊಂಡು ಹೋದಾಗ. ನಾನೊಬ್ಬ ಮನುಷ್ಯನ್ನ ಕೊಲ್ಲೋದರಲ್ಲಿದ್ದೆ ಅಂತ. ನನ್ನ ಕಣ್ಣೇ ಸರಿ ಇಲ್ಲ ಅಂತ. ಮೊನ್ನೆ ಅವರ ಮನೇಲಿ ಹೇಳಿದಾಗಲೂ ನೀನು ಟೀ ತಿರುಗಿಸ್ತಾ ಕೂತಿದ್ದೆಯಲ್ಲ."

"ಕೂತಿದ್ದೆ. ಹೆದರಿಕೆ ಆಯ್ತು, ಕೂತಿದ್ದೆ. ಕ್ಷಮಿಸು ಅಂತ ಕೇಳಲ್ಲ ನಾನು. ಬೈಯಿ. ಎಷ್ಟು ಬೇಕೋ ಅಷ್ಟು ಬೈಯಿ."

ಹಿಂದಿನ ಬಾಗಿಲು ತೆರೆಯಿತು, ಹಿಮ್ಮಡಿಯ ಸದ್ದು ಕಾರನ್ನು ಸುತ್ತಿ ಬಂತು. ಮಗಳು ಮೇಲೆ ಹೊರಟಳು, ಇನ್ನು ನನ್ನ ಮುಖ ನೋಡುವುದಿಲ್ಲ, ಎಂದುಕೊಂಡಳು. ಸದ್ದು ಸ್ಟೀರಿಂಗಿನ ಬಾಗಿಲ ಬಳಿ ನಿಂತಿತು. "ಅಂಕಲ್, ನೀವು ಇಳೀರಿ. ನಮ್ಮ ಜಾಗ ಯಾವುದು?" ವ್ಯಾಲೆಟ್‌ನವನು ತಾಯಿಯನ್ನು ನೋಡಿದ, ಮಗಳನ್ನು ನೋಡಿದ. "ಅಗೋ, ಆ ಎರಡು ಕಂಬದ ಮಧ್ಯೆ. ಹದಿನೇಳು. ಆದರೆ ಮೇಡಂ, ಮ್ಯಾನೇಜರಿಗೆ ಗೊತ್ತಾದರೆ..." ಮಾತು ಅಲ್ಲಿಗೇ ಬಿಟ್ಟು, ಇಂಜಿನ್ನು ಆರಿಸಿ, ಕೀಲಿಯನ್ನು ಅದರ ಜಾಗದಲ್ಲೇ ಬಿಟ್ಟು, ಟೋಪಿ ತೆಗೆದುಕೊಂಡು ಇಳಿದ. ಮಗಳು ಚಪ್ಪಲಿ ಬಿಚ್ಚಿ ಕಿಟಕಿಯಿಂದ ತಾಯಿಯ ಮಡಿಲಿಗೆ ಹಾಕಿದಳು. ಹಿಮ್ಮಡಿಯ ಚಪ್ಪಲಿಯಲ್ಲಿ ಪೆಡಲು ಮುಟ್ಟಬಾರದು. ಕೂತು ಸೀಟು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ತಿರುಗಿಸಿದಳು, ಬೆಲ್ಟು ಹಾಕಿದಳು, ಗೇರು ಅಲ್ಲಾಡಿಸಿ ನ್ಯೂಟ್ರಲ್ ಇದೆಯೇ ಎಂದು ನೋಡಿದಳು. ಮೊದಲ ದಿನ ಕಲಿಸಿದ ಕ್ರಮ, ಒಂದೂ ಹಿಂದುಮುಂದಾಗಲಿಲ್ಲ. ತಾಯಿ ತನ್ನ ಕಾಲನ್ನು ಬ್ರೇಕಿನಿಂದ ತೆಗೆದು ಸೀಟಿನ ಕೆಳಗೆ ಮಡಚಿಕೊಂಡಳು. ಇಷ್ಟು ಸಾಕಲ್ಲವೇ?

"ನೀನೂ ಇಳಿ" ಎಂದಳು ಮಗಳು.

"ಕಾಲು ತೆಗೆದಿದ್ದೀನಿ ನೋಡು. ಆ ಕಂಬ ಬಹ..."

"ಇಳಿ, ಅಮ್ಮ."

ಇಳಿದಳು. ಒಂದು ಕೈಯಲ್ಲಿ ಮಗಳ ಚಪ್ಪಲಿ, ಇನ್ನೊಂದರಲ್ಲಿ ವ್ಯಾಲೆಟ್‌ನವನು ಅಭ್ಯಾಸಬಲದಿಂದ ತುರುಕಿದ ಪ್ಲಾಸ್ಟಿಕ್ ಟೋಕನ್ನು. ಬಾಗಿಲು ಮುಚ್ಚಿತು. ಪಕ್ಕದ ಸೀಟು ಖಾಲಿ. ಇಂಜಿನ್ನು ಒಂದು ಸಲ ಕೆಮ್ಮಿ ನಿಂತಿತು, ಮಗಳು ಮತ್ತೆ ಕೀಲಿ ತಿರುಗಿಸಿದಳು, ಹಳದಿ ಬೋರ್ಡು ಹೊತ್ತ ಕಾರು ಒಂದು ಕುಲುಕು ಕುಲುಕಿ ಮುಂದೆ ಹೊರಟಿತು. ಅವಳ ಬಲಗಾಲು ಸಿಮೆಂಟಿನ ನೆಲವನ್ನು ಬಲವಾಗಿ ಒತ್ತಿತು. ನೆಲ ಕುಸಿಯಲಿಲ್ಲ, ಏನೂ ಕಿರುಚಲಿಲ್ಲ. ಕಾರು ಮೊದಲ ಕಂಬ ದಾಟಿ, ನಿಂತು, ಹಿಂದಕ್ಕೆ ಬಂದು, ಚಕ್ರ ತಿರುಗಿಸಿಕೊಂಡು ಮತ್ತೆ ಹೊರಟಿತು. ವ್ಯಾಲೆಟ್‌ನವನು ತಡೆಯಲಾರದೆ ಅವಳ ಕಿವಿಯ ಹತ್ತಿರ ಬಗ್ಗಿದ. "ಮೇಡಂ, ಎಡಕ್ಕೆ ಜಾಸ್ತಿ ತಗೊಂಡ್ರು. ಕಂಬಕ್ಕೆ ಒಂದು ಗೇಣೂ ಇಲ್ಲ. ಕೂಗಿ ಹೇಳಲಾ?"

"ಸುಮ್ನಿರಿ" ಎಂದಳು. "ಅವಳಿಗೆ ಕಾಣುತ್ತೆ."